ಪ್ರೇತದ ಪ್ರೇಮ, ಬದುಕಿದವಳ ಪಾಲು

ಪ್ರೇತಪ್ರಣಯದ ಕಥೆಗಳಲ್ಲಿ ಸಾಮಾನ್ಯವಾಗಿ ಭಯವೇ ಪ್ರಧಾನ. ನಮ್ಮ ಮೋಹಿನಿಯ ಕಥೆಗಳೂ ಇದಕ್ಕೆ ಹೊರತಲ್ಲ. ಜೋಸೆಫ್ ಮ್ಯಾಂಕಿವಿಟ್ಸ್ 1947ರಲ್ಲಿ ನಿರ್ದೇಶಿಸಿದ ‘ದಿ ಘೋಸ್ಟ್ ಅಂಡ್ ಮಿಸೆಸ್ ಮ್ಯೂರ್’ ಚಲಚ್ಚಿತ್ರದ ದಾರಿ ಬೇರೆ. ಆರ್. ಎ. ಡಿಕ್ ಎಂಬ ಗುಪ್ತನಾಮದಿಂದ ಜೋಸೆಫೈನ್ ಲೆಸ್ಲಿ 1945ರಲ್ಲಿ ಪ್ರಕಟಿಸಿದ ಕಾದಂಬರಿ ಇದಕ್ಕೆ ಮೂಲ.

ವಿಧವೆಯಾದ ಲೂಸಿ ಲಂಡನ್ನಿನ ಅತ್ತೆಮನೆಯನ್ನು ತೊರೆದು ಕಡಲತಡಿಯ ಮನೆಯೊಂದನ್ನು ಬಾಡಿಗೆಗೆ ಹಿಡಿಯುತ್ತಾಳೆ. ಅಲ್ಲಿರುವುದು ಕಪ್ತಾನ ಗ್ರೆಗ್‌ನ ಪ್ರೇತ. ಚಿನ್ನದ ಗಣಿಯ ಷೇರುಗಳಿಂದ ಬರುತ್ತಿದ್ದ ಆದಾಯ ನಿಂತಾಗ ಅವನು ತನ್ನ ಜೀವನಕಥೆಯನ್ನು ಅವಳಿಂದ ಬರೆಸುತ್ತಾನೆ. ಅದರ ಹಣದಿಂದ ಮನೆ ಉಳಿಯುತ್ತದೆ. ಪ್ರಣಯಕಥೆಗಳು ಬಹುಮಟ್ಟಿಗೆ ಮರೆಯುವ ಬಾಡಿಗೆಯ ಚಿಂತೆಯನ್ನು ಇದು ಮರೆತಿಲ್ಲ. ಅದೇ ಇದರ ಹೆಚ್ಚುಗಾರಿಕೆ.

ಅವಳು ಫೇರ್ಲಿ ಎಂಬ ಲೇಖಕನಿಗೆ ಮನಸೋತಾಗ, ನಿದ್ರಿಸುತ್ತಿರುವವಳಿಗೆ ತಾನು ಕೇವಲ ಕನಸೆಂದೂ ಪುಸ್ತಕವನ್ನು ಅವಳೇ ಬರೆದಳೆಂದೂ ಹೇಳಿ ಗ್ರೆಗ್ ಮರೆಯಾಗುತ್ತಾನೆ. ಇದನ್ನು ತ್ಯಾಗವೆನ್ನುವುದು ಸುಲಭ. ಆದರೆ ಅವಳ ನೆನಪನ್ನೇ ಅವಳಿಂದ ಕಿತ್ತುಕೊಂಡದ್ದು ಎಂಥ ತ್ಯಾಗ? ಫೇರ್ಲಿಗೆ ಹೆಂಡತಿ ಮಕ್ಕಳಿರುವುದು ತಿಳಿದು ಅವಳ ಎದೆಯೊಡೆದಾಗ, ಆತುಕೊಳ್ಳಲು ಆ ಸ್ನೇಹದ ನಿಜವೂ ಅವಳ ಪಾಲಿಗಿಲ್ಲ. ಮುಂದಿನ ದೀರ್ಘ ವರ್ಷಗಳನ್ನು ಚಿತ್ರವು ಅಲೆಗಳನ್ನು ತೋರಿಸಿ ದಾಟಿಬಿಡುತ್ತದೆ. ಮುಪ್ಪಿನಲ್ಲಿ ಅವಳು ಸತ್ತ ಗಳಿಗೆಗೆ ಅವನು ಬಂದು ಕೈನೀಡುತ್ತಾನೆ. ಅವಳು ಯೌವನದ ರೂಪದಲ್ಲಿ ಎದ್ದು ಜೊತೆಗೆ ನಡೆಯುತ್ತಾಳೆ. ಮಿಲನವೇನೋ ರಮ್ಯವೇ. ಒಂಟಿಯಾಗಿ ಕಳೆದ ವರ್ಷಗಳ ಲೆಕ್ಕವನ್ನು ಮಾತ್ರ ಲೂಸಿ ಕೇಳುವುದಿಲ್ಲ, ಗ್ರೆಗ್ ಒಪ್ಪಿಸುವುದೂ ಇಲ್ಲ.