ಟೀಚರ್ ತಿದ್ದಬಹುದಾದ ಕಥೆ

ತಮಿಳುನಾಡಿನ ಸೇಲಂ, ಧರ್ಮಪುರಿ ಜಿಲ್ಲೆಗಳ ಕನ್ನಡ ಮಕ್ಕಳ ಪರಿಸ್ಥಿತಿ ಹೊಸೂರು, ತಳಿ ಕಡೆಯ ಮಕ್ಕಳದಕ್ಕಿಂತ ಬೇರೆ. ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿರುವ ಆ ಸೀಮೆ 2004ರಲ್ಲಿ ಧರ್ಮಪುರಿಯಿಂದ ಬೇರೆಯಾಗಿ ಕೃಷ್ಣಗಿರಿ ಜಿಲ್ಲೆಯಾಯಿತು. ಸೇಲಂನ ದೇವಾಂಗ ನೇಕಾರರ ಎಷ್ಟೋ ಮನೆಗಳಲ್ಲಿ ಆಡುವ ಮಾತು ಕನ್ನಡ, ಮಕ್ಕಳು ಓದಿ ಬರೆಯುವುದು ತಮಿಳು. ಇಂಥ ಮಕ್ಕಳು ಕೂತಿರುವ ತರಗತಿಗೆ ಅಂತರ್ಜಾಲದ ಯಾವ ಸಾಮಗ್ರಿ ನಿಜಕ್ಕೂ ಒದಗುತ್ತದೆ?

ಪಠ್ಯಪುಸ್ತಕದ ಕ್ಯೂಆರ್ ಕೋಡ್ ಎಲ್ಲರಿಗೂ ಗೊತ್ತು. 2018ರ ಹೊಸ ಪುಸ್ತಕಗಳಿಂದಲೇ ಅದು ತಮಿಳುನಾಡಿನ ಶಾಲೆಗಳಿಗೆ ಬಂತು. ಮೊಬೈಲ್ ಹಿಡಿದರೆ ಶಾಲಾ ಪಾಠಗಳ ಸರ್ಕಾರಿ ತಾಣ 'ದೀಕ್ಷಾ'ದ ವಿಡಿಯೊ ತೆರೆದುಕೊಳ್ಳುತ್ತದೆ. ಪಾಠವನ್ನು ಮತ್ತೊಮ್ಮೆ ಕೇಳಿಸಲು ಒಳ್ಳೆಯದೇ. ಆದರೆ ಅದರೊಳಗಿನ ಒಂದು ಮಾತನ್ನೂ ಟೀಚರ್ ತನ್ನ ಮಕ್ಕಳಿಗಾಗಿ ಬದಲಿಸುವಂತಿಲ್ಲ.

ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ಜಾಲತಾಣ ನನಗೆ ಹೆಚ್ಚು ಮುಖ್ಯವೆನಿಸುವುದು ಇಲ್ಲಿಯೇ. ಮಕ್ಕಳ ಚಿತ್ರಕಥೆಗಳು ತಮಿಳಿನಲ್ಲೂ ಇವೆ, ಕನ್ನಡದಲ್ಲೂ ಇವೆ. ಎಷ್ಟೋ ಕಡೆ ಒಂದೇ ಕಥೆ, ಅದೇ ಚಿತ್ರಗಳು ಎರಡೂ ಭಾಷೆಯಲ್ಲಿ ಸಿಗುತ್ತವೆ. ಮುಕ್ತ ಪರವಾನಗಿ ಇರುವುದರಿಂದ ಇಳಿಸಿಕೊಳ್ಳಬಹುದು, ಅಚ್ಚು ಹಾಕಬಹುದು, ಹೊಸದಾಗಿ ಅನುವಾದಿಸಬಹುದು. ಕಥೆಗಳನ್ನು ನಾಲ್ಕು ಹಂತಗಳಲ್ಲಿ ಜೋಡಿಸಿದ್ದಾರೆ. 2022ರಿಂದ ತಮಿಳುನಾಡಿನ ಪ್ರಾಥಮಿಕ ತರಗತಿಗಳ 'ಎಣ್ಣುಂ ಎಳುತ್ತುಂ' ಯೋಜನೆಯಲ್ಲಿ ಮಕ್ಕಳನ್ನು ಕಲಿಕೆಯ ಮಟ್ಟಕ್ಕೆ ತಕ್ಕಂತೆ ಅರುಂಬು, ಮೊಟ್ಟು, ಮಲರ್ ಎಂದು ಗುಂಪು ಮಾಡಿ ಕಲಿಸುತ್ತಿರುವ ಟೀಚರುಗಳಿಗೆ ಈ ಹಂತಗಳ ಉಪಯೋಗವನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಆದರೂ ಸ್ಟೋರಿವೀವರ್ ಕಥೆಗಳ ಕನ್ನಡದ ಬಗ್ಗೆ ನನಗೆ ತಕರಾರಿದೆ. ಹಲವು ಅನುವಾದಗಳು ಪುಸ್ತಕದ ಕನ್ನಡದಲ್ಲಿವೆ. ಮೊದಲ ಹಂತದ ಕಥೆಯಲ್ಲೂ ಮನೆಯಲ್ಲಿ ಯಾರೂ ಆಡದ ಪದ ನುಸುಳುತ್ತದೆ. ವಾಕ್ಯ ಚಿಕ್ಕದಾದ ಮಾತ್ರಕ್ಕೆ ಅದು ಮಗುವಿಗೆ ಸುಲಭವಾಗಿಬಿಡುವುದಿಲ್ಲ. ತಲೆಮಾರುಗಳಿಂದ ತಮಿಳಿನ ನಡುವೆ ಬೆಳೆದ ಸೇಲಂ ಕನ್ನಡಕ್ಕೂ ಬೆಂಗಳೂರಿನ ಅನುವಾದಕರ ಕನ್ನಡಕ್ಕೂ ಇರುವ ದೂರ ಸಣ್ಣದಲ್ಲ. ಅದಕ್ಕೇ ಆ ಕಥೆಯನ್ನು ಹಾಗೇ ಓದಿಸದೆ, ಚಿತ್ರ ತೋರಿಸಿ ಮಕ್ಕಳಿಂದಲೇ ಹೇಳಿಸಬೇಕು. ಅವರು ಹೇಳಿದ್ದನ್ನು ಹಲಗೆಯ ಮೇಲೆ, ಅವರು ಬಲ್ಲ ತಮಿಳು ಅಕ್ಷರದಲ್ಲೇ, ಕನ್ನಡವಾಗಿ ಬರೆಯಬೇಕು. ಕ, ಗ ಎರಡಕ್ಕೂ ತಮಿಳಿನಲ್ಲಿ ಒಂದೇ ಅಕ್ಷರವಾದರೂ ತೊಂದರೆಯಿಲ್ಲ: ತನ್ನದೇ ಮಾತಾದ್ದರಿಂದ 'ಗಾಳಿ'ಯನ್ನು ಮಗು 'ಕಾಳಿ' ಎಂದು ಓದುವುದಿಲ್ಲ. ಆಮೇಲೆ ಅದೇ ಪುಟದ ತಮಿಳು ಪಠ್ಯ ತೆರೆದರೆ, ಅರ್ಥ ಮೊದಲೇ ಗೊತ್ತಿರುವ ಓದು ಸಲೀಸಾಗಿ ಸಾಗುತ್ತದೆ. ಕನ್ನಡ ಬಾರದ ಟೀಚರೂ ಇದನ್ನು ಮಾಡಬಹುದು, ಹೇಳುವವರು ಮಕ್ಕಳೇ ಅಲ್ಲವೆ.

ಅಚ್ಚಿನದು ಇನ್ನೊಂದು ತೊಡಕು. ಬಣ್ಣದ ಪುಟಗಳನ್ನು ಕಪ್ಪುಬಿಳುಪು ಜೆರಾಕ್ಸ್ ಮಾಡಿದರೆ ಚಿತ್ರ ಮಸಿಯಾಗುತ್ತದೆ, ಒಂದು ಮೊಬೈಲಿನ ಸುತ್ತ ಇಡೀ ತರಗತಿ ಕೂರಲಾಗದು. ಗೆರೆಚಿತ್ರದ ಆವೃತ್ತಿಯನ್ನೂ ಕೊಟ್ಟರೆ ಹಳ್ಳಿ ಶಾಲೆಗಳಿಗೆ ದೊಡ್ಡ ಉಪಕಾರ.

ಕಥೆಗಳಾಚೆ, ವಿಜ್ಞಾನಕ್ಕೆ ಪರದೆಯ ಮೇಲೇ ಪ್ರಯೋಗ ಮಾಡಿಸುವ ಕೊಲೊರಾಡೊ ವಿಶ್ವವಿದ್ಯಾಲಯದ 'ಫೆಟ್' ತಾಣ ಇದೆ. ವಿದ್ಯುತ್ ಮಂಡಲದ ಪಾಠದಲ್ಲಿ ಬ್ಯಾಟರಿಯ ಎರಡು ತುದಿಗಳಿಗೆ ಬರೀ ತಂತಿ ಸೇರಿಸಿದರೆ ಪರದೆಯ ಮೇಲೆ ಬೆಂಕಿ ಕಾಣಿಸುತ್ತದೆ. ನಿಜವಾದ ತಂತಿಯಿಂದ ತೋರಿಸಬಾರದ ಆ ತಪ್ಪನ್ನು ಮಗು ಇಲ್ಲಿ ಬೇಕೆಂದೇ ಮಾಡಿ, ಹೀಗೇಕಾಯಿತು ಎಂದು ಕೇಳುತ್ತದೆ. ಆ ಪ್ರಶ್ನೆಯನ್ನು ಮಗು ತನ್ನ ಮನೆಮಾತಿನಲ್ಲೇ ಕೇಳಲು ಟೀಚರ್ ಬಿಡಬೇಕು.