ಪಡಸಾಲೆಗೆ ಬಂದ ಗಾಡಿ

ನಮ್ಮ ಕಡೆ ಯಾರ ಮನೆಗಾದರೂ ರಾತ್ರಿ ಒಂಬತ್ತೂವರೆಯ ಮೇಲೆ ಹೋಗಿ ನೋಡಿ. ಚಿಕ್ಕೋಡಿಯಾಗಲಿ, ನಿಪ್ಪಾಣಿಯ ಸಂದಿಗೊಂದಿಯಾಗಲಿ, ಅಥಣಿ, ರಾಯಬಾಗದ ಪೇಟೆಯ ಓಣಿಯಾಗಲಿ, ಊಟ ಮುಗಿದು ಭಾಂಡೆ ತಿಕ್ಕುವ ಹೊತ್ತಿಗೆ ಒಂದು ವಿಧಿ ನಡೆಯುತ್ತದೆ. ಮನೆಯ ಗಂಡಸು ಎದ್ದು ಹೊರಗೆ ಹೋಗುತ್ತಾನೆ. ಒಳಗಿದ್ದವರು ಕುರ್ಚಿ ಸರಿಸುತ್ತಾರೆ, ಹಾಸಿದ ಚಾಪೆ ಸುತ್ತುತ್ತಾರೆ, ಓದುತ್ತ ಕೂತ ಮಕ್ಕಳು ಪುಸ್ತಕ ಎತ್ತಿಕೊಂಡು ಗೋಡೆಗೆ ಅಂಟುತ್ತಾರೆ. ಮೆಟ್ಟಿಲ ಮೇಲೆ ಹಲಗೆ ಬೀಳುತ್ತದೆ. "ಹಿಂದಿಂದ ಜರಾ ದಬ್ಬ" ಎಂದು ಅಪ್ಪಣೆಯಾಗುತ್ತದೆ. ದಬ್ಬುವವಳು ಹೆಂಡತಿ. ಕೈಯ ಬೂದಿಯನ್ನು ಸೆರಗಿಗೆ ಒರೆಸಿಕೊಂಡು ಬಂದು ದಬ್ಬುತ್ತಾಳೆ. ಗಾಡಿ ಹೊಸ್ತಿಲು ದಾಟಿ, ಸಂಜೆ ಹಚ್ಚಿದ ಅರಿಷಿಣ ಕುಂಕುಮ ಒರೆಸಿಕೊಂಡು, ಪಡಸಾಲೆಯ ನಡುವೆ ಬಂದು ನಿಲ್ಲುತ್ತದೆ. ಆಮೇಲೆ ಬಾಗಿಲಿಗೆ ಚಿಲಕ.

ಅದೇ ಹೊಸ್ತಿಲ ಹೊರಗೆ ನಮ್ಮ ಚಪ್ಪಲಿಗಳು ಮಳೆಯಲ್ಲಿ ನೆನೆಯುತ್ತ ಬಿದ್ದಿರುತ್ತವೆ. ಅಥಣಿ, ನಿಪ್ಪಾಣಿ ಕಡೆಯ ಸಮಗಾರರು ತೊಗಲು ಹದ ಮಾಡಿ, ಕೈಯಿಂದ ಹೊಲಿದು ಮಾಡುವ ಚಪ್ಪಲಿ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ನಮ್ಮ ಬೆಳಗಾವಿ ಜಿಲ್ಲೆಯೂ ಸೇರಿದೆ. ಅಷ್ಟು ಹೆಸರಿನ ಚಪ್ಪಲಿ ಮನೆಯೊಳಗೆ ಬಂದರೆ ಮೈಲಿಗೆ. ಸಂತೆಯ ರಾಡಿ, ಕಬ್ಬಿನ ಗದ್ದೆಯ ಕೆಸರು, ಬಸ್‌ಸ್ಟ್ಯಾಂಡಿನ ಉಗುಳು ಎಲ್ಲವನ್ನೂ ತುಳಿದು ಬಂದ ಎರಡು ಗಾಲಿಗಳಿಗೆ ಮಾತ್ರ ಯಾವ ಮೈಲಿಗೆಯೂ ಇಲ್ಲ. ಖಂಡೇಪೂಜೆಯ ದಿನ ಅವಕ್ಕೇ ನಿಂಬೆಹಣ್ಣು, ಹಾರ. ಇದನ್ನು ನಾನು ದೂರೆಂದು ಹೇಳುತ್ತಿಲ್ಲ, ಕಂಡದ್ದನ್ನು ಹೇಳುತ್ತಿದ್ದೇನೆ. ದೂರು ಮುಂದಿದೆ.

ನಮ್ಮ ಮನೆಗೆ ಮೊದಲ ಗಾಡಿ ಬಂದದ್ದು 1989ರಲ್ಲಿ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಯೆಜ್ಡಿ, ಬೇರೆಯವರು ಓಡಿಸಿ ಮಾರಿದ್ದು. ಓಣಿಯ ಮಂದಿ ಫಟಫಟಿ ನೋಡಲು ಬಂದರು. ನಾನು ಸಕ್ಕರೆ ಹಂಚಿದೆ. ರಾತ್ರಿ ಮಲಗುವ ಹೊತ್ತಿಗೇ ಪ್ರಶ್ನೆ ಎದ್ದದ್ದು. ಬಾಗಿಲ ಪಕ್ಕದ ಗೋಡೆಗೆ ಹೊಂದಿ ನಮ್ಮ ಅತ್ತೆಯ ಹಾಸಿಗೆ ಇರುತ್ತಿತ್ತು. ಅಲ್ಲಿ ಗಾಳಿ ಬರುತ್ತದೆ, ನಸುಕಿನಲ್ಲಿ ಎದ್ದು ಹಿತ್ತಲಿಗೆ ಹೋಗುವುದು ಯಾರಿಗೂ ಗೊತ್ತಾಗುವುದಿಲ್ಲ, ಬೀದಿಯಲ್ಲಿ ಹೋಗಿಬರುವವರ ದನಿ ಕೇಳುತ್ತದೆ ಎಂದು ಅವರೇ ಆರಿಸಿಕೊಂಡ ಜಾಗ. ಗಾಡಿ ಅಲ್ಲೇ ನಿಂತಿತು, ಬೇರೆ ಕಡೆ ಹಿಡಿಸಲಿಲ್ಲ.

"ಅವ್ವಾ, ನೀ ಒಳಗ ಅಡಗಿಮನ್ಯಾಗ ಹಾಸಿಕೋ. ಬೆಚ್ಚಗಿರ್ತದ" ಎಂದರು ನಮ್ಮವರು.

ಅತ್ತೆ ಸುಮ್ಮನೆ ಹಾಸಿಗೆ ಸುತ್ತಿದರು. ನಾನು ಕೈ ಹಚ್ಚಹೋದರೆ, "ಇರ್ಲಿ ಬಿಡವ್ವಾ, ನಾ ಏನ್ ಗಾಡಿಕಿಂತ ದೊಡ್ಡಾಕಿ ಅಲ್ಲ" ಎಂದರು. ನಗುತ್ತಲೇ ಅಂದರು, ನಾನೂ ನಕ್ಕೆ. ಆ ನಗೆಯ ಲೆಕ್ಕ ನನಗೆ ತಿಳಿಯಲು ಬಹಳ ವರ್ಷ ಹಿಡಿಯಿತು.

ಲೆಕ್ಕವೆಂದರೆ ನಿಜವಾದ ಲೆಕ್ಕ. ಇಂದು ನಮ್ಮ ಬೀದಿಗಳಲ್ಲಿ ಎಲ್ಲಿ ನೋಡಿದರೂ ಕಾಣುವ ಸ್ಪ್ಲೆಂಡರ್ ಗಾಡಿ ಎರಡು ಮೀಟರ್ ಉದ್ದ, ಮುಕ್ಕಾಲು ಮೀಟರಿಗೆ ತುಸು ಕಡಿಮೆ ಅಗಲ. ಅಂದರೆ ಆರೂವರೆ ಅಡಿಗೆ ಎರಡೂಕಾಲು ಅಡಿ. ನಿಮ್ಮ ಮನೆಯ ಒಂಟಿ ಹಾಸಿಗೆಯನ್ನು ಅಳೆದು ನೋಡಿ. ಗಾಡಿ ನುಂಗುವುದು ಸರಿಯಾಗಿ ಒಬ್ಬರು ಮಲಗುವ ಜಾಗವನ್ನು, ಒಂದು ಗೇಣು ಹೆಚ್ಚಲ್ಲ ಕಡಿಮೆಯಲ್ಲ. ಅದನ್ನು ಸುತ್ತಿ ಬಳಸಿ ಓಡಾಡುವ ಜಾಗವನ್ನೂ ಹಿಡಿದರೆ ಇಮ್ಮಡಿ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯ ಹಳ್ಳಿ ಮನೆಗೆ ಗೊತ್ತುಮಾಡಿದ ಕನಿಷ್ಠ ಅಳತೆ, ಅಡುಗೆಯ ಜಾಗವೂ ಸೇರಿ, 25 ಚದರ ಮೀಟರ್. ಅದರಲ್ಲಿ ಗಾಡಿ ಮತ್ತು ಅದರ ಸುತ್ತಿನ ಜಾಗ ಸೇರಿ ಸುಮಾರು ಮೂರು ಮೀಟರ್ ಹೋಗುತ್ತದೆ. ಎಂಟರಲ್ಲಿ ಒಂದು ಪಾಲು. ಅಣ್ಣತಮ್ಮಂದಿರು ಮನೆ ಹಿಸೆ ಮಾಡಿಕೊಳ್ಳುವಾಗ ಇಷ್ಟು ಜಾಗಕ್ಕೆ ಕೋರ್ಟಿಗೆ ಹೋಗುತ್ತಾರೆ.

ಯಾರ ಹಾಸಿಗೆ ಸರಿಯಿತು ಎಂದು ನಾನು ಆಮೇಲೆ ಹೋದ ಹೋದ ಮನೆಯಲ್ಲಿ ನೋಡತೊಡಗಿದೆ. ನಿಪ್ಪಾಣಿಯ ನನ್ನ ತಂಗಿಯ ಓಣಿಯಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳು ಬಹಳ. ಮೊರ ತೊಡೆಯ ಮೇಲಿಟ್ಟುಕೊಂಡು, ಎಲೆ ಕತ್ತರಿಸಿ, ತಂಬಾಕು ತುಂಬಿ, ದಾರ ಸುತ್ತುವ ಕೆಲಸ. ಅದಕ್ಕೆ ಬೆಳಕು ಬೇಕು, ಕಾಲು ಚಾಚುವ ಜಾಗ ಬೇಕು. ಗಂಡ ಮನೆಯಲ್ಲಿದ್ದ ದಿನ ಗಾಡಿಯೂ ಮನೆಯಲ್ಲಿ, ಅವಳು ಹೊರಗಿನ ಕಟ್ಟೆಯ ಮೇಲೆ. ಮಳೆ ಬಂದರೆ ಕೆಲಸ ಬಂದ್, ಅಂದಿನ ಕೂಲಿಯೂ ಬಂದ್. ಅಥಣಿಯಲ್ಲಿ ನನ್ನ ಗೆಳತಿಯ ಮನೆಯಲ್ಲಿ ಮಗಳ ಓದುವ ಮೇಜು ದೇವರ ಕೋಣೆಗೆ ಹೋಗಿತ್ತು. ಕಾಗವಾಡದ ನಮ್ಮ ವೈನಿಯ ಮನೆಯಲ್ಲಿ ಹೊಲಿಗೆ ಯಂತ್ರಕ್ಕೆ ನೀರೊಲೆಯ ಪಕ್ಕದ ಮೂಲೆ. ಎಲ್ಲಿಯೂ ಮಗನ ಕಾಟು ಕದಲಿದ್ದನ್ನು, ಟೀವಿ ಕದಲಿದ್ದನ್ನು ನಾನು ಕಾಣಲಿಲ್ಲ. ಕಂಡವರಿದ್ದರೆ ಹೇಳಿ, ನನ್ನ ಮಾತನ್ನು ಅಷ್ಟರ ಮಟ್ಟಿಗೆ ತಿದ್ದಿಕೊಳ್ಳುತ್ತೇನೆ.

"ಮೊದಲ ಮನ್ಯಾಗ ಎತ್ತ ಕಟ್ಟತಿದ್ದಿಲ್ಲೇನ? ಆಗ ನಿಮಗ ವಾಸನಿ ಬರ್ತಿರಲಿಲ್ಲ?" ಇದು ನಮ್ಮವರ ವಾದ. ಬಹುಶಃ ನಿಮ್ಮವರದೂ ಇದೇ. ವಾದ ಬಲವಾದದ್ದು, ಹಾರಿಸಿಬಿಡುವಂಥದ್ದಲ್ಲ. ರಾಯಬಾಗದ ಕಡೆಯ ನನ್ನ ತವರುಮನೆಯಲ್ಲಿ ತಲೆಬಾಗಿಲು ದಾಟಿದೊಡನೆ ಎಡಕ್ಕೆ ಗೋದಲಿ, ಎರಡು ಎತ್ತು, ಒಂದು ಎಮ್ಮೆ. ಆದರೆ ಆ ಮನೆ ಕಟ್ಟಿದವರು ಯೋಚಿಸಿ ಕಟ್ಟಿದ್ದರು. ದನದ ಜಾಗ ಕೆಳಗೆ, ಮನುಷ್ಯರ ಅಂಕಣ ಮೊಣಕಾಲಷ್ಟು ಮೇಲೆ. ಗಂಜಲ ಹರಿದು ಹೋಗಲು ಕಾಲುವೆ, ಮೇಲೆ ಬೆಳಕಿಂಡಿ. ದನಕ್ಕೆ ಅದರ ಮನೆ, ನಮಗೆ ನಮ್ಮದು, ನಡುವೆ ಒಂದು ಕಟ್ಟೆ. ಎತ್ತು ಬಂತೆಂದು ಯಾರೂ ಹಾಸಿಗೆ ಸುತ್ತಲಿಲ್ಲ. ಇನ್ನು ಎಮ್ಮೆಯ ಹಾಲು, ಬೆಣ್ಣೆ, ಕುಳ್ಳು ಎಲ್ಲ ಅವ್ವನ ಕೈಯಲ್ಲಿ. ಮಾರಿದ ನಾಲ್ಕು ಕಾಸು ಅವಳ ಸಾಸಿವೆ ಡಬ್ಬಿಯಲ್ಲಿ. ಗಾಡಿಯ ಕೀಲಿ ಯಾರ ಕಿಸೆಯಲ್ಲಿದೆ, ನೋಡಿ. ನಾವು ಎತ್ತನ್ನು ಬಿಟ್ಟೆವು, ಕಟ್ಟೆಯನ್ನೂ ಒಡೆದೆವು, ಸಪಾಟು ಫರಶಿ ಹಾಕಿಸಿ ಸ್ಲ್ಯಾಬಿನ ಮನೆ ಕಟ್ಟಿದೆವು. ಆಮೇಲೆ ಎತ್ತಿನ ಜಾಗಕ್ಕೆ ಗಾಡಿ ಬಂತು ಎನ್ನುತ್ತೇವೆ. ಎತ್ತಿನ ಜಾಗವೇ ಇಲ್ಲದ ಮನೆಗೆ ಬಂದದ್ದು ಅದು.

ಆ ಮೊಣಕಾಲಷ್ಟು ಎತ್ತರದ ಬೆಲೆ ನನಗೆ ತಿಳಿದದ್ದು 1993ರ ಬೇಸಿಗೆಯ ಒಂದು ನಸುಕಿನಲ್ಲಿ. ಹಿಂದಿನ ದಿನ ಟಾಕಿ ತುಂಬ ಪೆಟ್ರೋಲ್ ಹಾಕಿಸಿದ್ದರು. ಕಾಕು ಬಂದ್ ಮಾಡಲು ಮರೆತಿದ್ದರು. ರಾತ್ರಿಯಿಡೀ ಕಾರ್ಬೊರೇಟರಿನಿಂದ ಹನಿ ಹನಿಯಾಗಿ ಜಿನುಗಿ ಕೆಳಗಿನ ಗೋಣಿತಟ್ಟು ತೊಯ್ದಿತ್ತು. ನಾವು ಗಡದ್ದಾಗಿ ಮಲಗಿದ್ದೆವು. ಅತ್ತೆ ಎಂದಿನಂತೆ ನಾಲ್ಕೂವರೆಗೆ ಎದ್ದು ನೀರೊಲೆ ಹಚ್ಚಲು ಕಡ್ಡಿಪೆಟ್ಟಿಗೆ ಕೈಗೆತ್ತಿಕೊಂಡಿದ್ದಾರೆ. ಏನೋ ವಾಸನೆ. ಕಡ್ಡಿ ಗೀರಲಿಲ್ಲ. ಕತ್ತಲಲ್ಲೇ ಗೋಡೆ ಹಿಡಿದು ಬಂದು ನನ್ನ ಭುಜ ಅಲುಗಿಸಿದರು. "ಏಳವ್ವಾ, ದೀಪ ಹಚ್ಚಬ್ಯಾಡ. ಕೂಸಿನ ಎತ್ತಿಕೊಂಡ ಹೊರಗ ನಡಿ."

ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲಕ್ಕೆ ಹೋಗುವುದಿಲ್ಲ, ನೆಲದ ಮೇಲೆ ನೀರಿನಂತೆ ಹರಡಿ, ಬಾಗಿಲ ಸಂದಿಯಿಂದ ಪಕ್ಕದ ಕೋಣೆಗೆ ಇಳಿಯುತ್ತದೆ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಅದರಿಂದ ಏಳುತ್ತದೆ. ನಮ್ಮ ಚಿಕ್ಕೋಡಿಯ ಏಪ್ರಿಲ್ ಬಿಸಿಲಿನ ಮಾತೇನು. ನಾವು ನೆಲದ ಮೇಲೆ ಮಲಗುವ ಜನ, ನಮ್ಮ ದೇವರ ದೀಪ ನೆಲದ ಹತ್ತಿರ, ನೀರೊಲೆ ನೆಲದಲ್ಲೇ. ಬೆಂಕಿ ಬೇಡ, ಬರಿಯ ವಾಸನೆಯೆಂದೇ ಇಟ್ಟುಕೊಳ್ಳಿ. ಅದರಲ್ಲಿರುವ ಬೆಂಜೀನ್ ರಕ್ತದ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಎಂದೋ ಪಟ್ಟಿಗೆ ಸೇರಿಸಿದೆ. ಮನೆಗೆ ಅಂಟಿದ ಗ್ಯಾರೇಜಿನಿಂದ ಅದು ಒಳಗೆ ಬರುತ್ತದೆಂದು ಕೆನಡಾ ಅಮೆರಿಕಗಳಲ್ಲಿ ಅಳೆದು ನೋಡಿದ್ದಾರೆ. ಅಲ್ಲಿ ನಡುವೆ ಗೋಡೆಯಾದರೂ ಇದೆ. ನಮ್ಮಲ್ಲಿ ಗೋಡೆಯ ಈಚೆಗೇ ಗಾಡಿ, ಅದರ ಪಕ್ಕ ತೊಟ್ಟಿಲು. ಬಿಸಿ ಸೈಲೆನ್ಸರಿಗೆ ಮೀನಖಂಡ ಸುಟ್ಟುಕೊಳ್ಳದ ಮಕ್ಕಳು ನಮ್ಮ ಓಣಿಯಲ್ಲಿ ಕಡಿಮೆ. ಅದನ್ನು ನಾವು ದೃಷ್ಟಿಬೊಟ್ಟಿನಂತೆ ಸಲೀಸಾಗಿ ತೆಗೆದುಕೊಂಡಿದ್ದೇವೆ.

"ಈಗ ಕರೆಂಟಿನ ಗಾಡಿ ಬಂದಾವ್ರೀ ಮೌಶಿ, ಎಣ್ಣಿ ಇಲ್ಲ ವಾಸನಿ ಇಲ್ಲ" ಎಂದು ತಂಗಿಯ ಮಗ ಹೇಳಿದ. ನಿಜ. ಆದರೆ ಅದು ಮನೆಯೊಳಗೇ ನಿಂತು, ನಾವು ಮಲಗಿದಾಗ ಉಣ್ಣುತ್ತದೆ. 2022ರಲ್ಲಿ ವೆಲ್ಲೂರಿನಲ್ಲಿ ಮನೆಯಲ್ಲಿ ಚಾರ್ಜಿಗಿಟ್ಟ ಗಾಡಿಗೆ ಬೆಂಕಿ ಹತ್ತಿ ಹೊಗೆಯಿಂದ ತಂದೆ ಮಗಳು ಸತ್ತರು. ಅದೇ ವರ್ಷ ನಿಜಾಮಾಬಾದಿನಲ್ಲಿ, ವಿಜಯವಾಡದಲ್ಲಿ ಮನೆಯೊಳಗೆ ಚಾರ್ಜಿಗೆ ಹಾಕಿದ ಬ್ಯಾಟರಿ ಸಿಡಿದು ಜೀವಗಳು ಹೋದವು. ಆಮೇಲೆ ಸರಕಾರ ಬ್ಯಾಟರಿಯ ನಿಯಮ ಬಿಗಿಮಾಡಿತು. ಪಡಸಾಲೆಗೆ ಯಾರೂ ನಿಯಮ ಮಾಡಲಿಲ್ಲ.

ಇದು ನಮ್ಮ ಸೀಮೆಗಷ್ಟೇ ಅಂಟಿದ ಚಟವೆಂದು ನಾನು ತಿಳಿದಿದ್ದೆ. ವಿಯೆಟ್ನಾಮಿನ ಹನೋಯ್, ಹೋ ಚಿ ಮಿನ್ ನಗರಗಳಲ್ಲಿ ಕೊಳವೆಯಂತೆ ಅಗಲ ಕಿರಿದು, ಉದ್ದ ಹಿರಿದಾದ ಮನೆಗಳಿವೆಯಂತೆ. ಅಲ್ಲಿಯೂ ರಾತ್ರಿಯಾದರೆ ಗಾಡಿಗಳೆಲ್ಲ ಮುಂದಿನ ಕೋಣೆಯಲ್ಲಿ, ಸೋಫಾದ ಪಕ್ಕದಲ್ಲಿ. ಓದಿ ಒಂದು ಬಗೆಯ ಬಂಧುತ್ವವೇ ಅನಿಸಿತು. ಅದೇ ಹನೋಯ್‌ನಲ್ಲಿ 2023ರ ಸೆಪ್ಟೆಂಬರಿನ ಒಂದು ರಾತ್ರಿ, ಜನ ತುಂಬಿದ ಒಂದು ವಸತಿ ಕಟ್ಟಡದ ನೆಲಮಹಡಿಯಲ್ಲಿ, ಬೈಕು ನಿಲ್ಲಿಸುವಲ್ಲಿ ಹತ್ತಿದ ಬೆಂಕಿಗೆ 56 ಮಂದಿ ಬಲಿಯಾದರು. ಹೊರಗೆ ಹೋಗುವ ದಾರಿಯಲ್ಲೇ ಗಾಡಿಗಳಿದ್ದವು. ನಮ್ಮ ಮನೆಗಳಲ್ಲಿ ಹೊರಬಾಗಿಲಿಗೆ ಅಡ್ಡ ನಿಂತಿರುವುದೂ ಅದೇ ಅಲ್ಲವೆ?

ಗಂಡಸರ ಕಡೆಯ ಮಾತನ್ನೂ ಹೇಳಬೇಕು. ಹೊರಗೆ ಬಿಟ್ಟರೆ ಪೆಟ್ರೋಲ್ ಎಳೆದುಕೊಂಡು ಹೋಗುತ್ತಾರೆ, ಸೀಟು ನಾಯಿ ಹರಿಯುತ್ತದೆ, ಕಂತು ಇನ್ನೂ ತೀರಿಲ್ಲ. 2019ರ ಆಗಸ್ಟಿನಲ್ಲಿ ಕೃಷ್ಣೆ, ದೂಧಗಂಗೆ, ವೇದಗಂಗೆ ಒಟ್ಟಿಗೆ ಉಕ್ಕಿ, ಕಲ್ಲೋಳ-ಯಡೂರು ಸೇತುವೆ, ಕುಡಚಿ ಸೇತುವೆ ಮುಳುಗಿದಾಗ ನದಿದಂಡೆಯ ಜನ ದನಕರುಗಳೊಡನೆ ಗಾಡಿಯನ್ನೂ ದಿನ್ನೆಗೆ ಹೊಡೆದುಕೊಂಡು ಹೋದರು. ತುರ್ತು ಪರಿಹಾರವೆಂದು ಬಂದದ್ದು ಕುಟುಂಬಕ್ಕೆ 10,000 ರೂಪಾಯಿ. ಅದರಲ್ಲಿ ಇನ್ನೊಂದು ಗಾಡಿ ಬರುತ್ತದೆಯೆ? ಹೆರಿಗೆನೋವು ಬಂದ ಸೊಸೆಯನ್ನು ನಡುರಾತ್ರಿ ದವಾಖಾನೆಗೆ ಒಯ್ದದ್ದೂ ಇದೇ ಗಾಡಿ. ಅದು ಬೇಡವೆಂದು ನಾನು ಎಂದೂ ಅಂದವಳಲ್ಲ. 1989ರಲ್ಲಿ ದೂರದರ್ಶನದಲ್ಲಿ 'ಹಮಾರಾ ಬಜಾಜ್' ಜಾಹೀರಾತು ಬರುತ್ತಿದ್ದಾಗ ಕೆಲಸ ಬಿಟ್ಟು ನೋಡುತ್ತಿದ್ದೆ. ಗಾಡಿಯನ್ನು ಒರೆಸುವುದು, ಮೇಲೆ ಕೂತು ಹೋಗುವುದು ಎಲ್ಲ ಕಾಣುತ್ತಿತ್ತು. ರಾತ್ರಿ ಅದನ್ನು ಎಲ್ಲಿ ನಿಲ್ಲಿಸುತ್ತಾರೆ, ಯಾರು ಎದ್ದು ಜಾಗ ಕೊಡುತ್ತಾರೆ ಎಂಬುದು ಅಂಥ ಯಾವ ಜಾಹೀರಾತಿನಲ್ಲೂ ಬರಲಿಲ್ಲ.

ಮತ್ತೆ ಆ ಕಳ್ಳರ ಭಯ. 2003ರಲ್ಲಿ, ಹಳ್ಳಿಯ ಶಾಲೆಗೆ ಬಸ್ಸು ಹಿಡಿದು ಸಾಕಾಗಿ, ನಾನೂ ಒಂದು ಸ್ಕೂಟಿ ಕೊಂಡೆ. ನನ್ನ ಪಗಾರದ್ದೇ. ರಾತ್ರಿ ನಮ್ಮವರು ಪಡಸಾಲೆಯನ್ನೊಮ್ಮೆ ನೋಡಿ, "ಎರಡಕ್ಕ ಜಾಗ ಇಲ್ಲ. ನಿಂದು ಹೊರಗ ಇರ್ಲಿ, ಅದನ್ನ ಯಾರ ಒಯ್ತಾರ" ಎಂದರು. ಗೊಬ್ಬರದ ಚೀಲ ಬಿಚ್ಚಿ ಹೊಲಿದ ಮುಸುಕು ಹೊದ್ದು ನನ್ನ ಗಾಡಿ ಹನ್ನೊಂದು ವರ್ಷ ಬೇವಿನ ಮರದ ಕೆಳಗೆ ನಿಂತಿತು. ಯಾರೂ ಒಯ್ಯಲಿಲ್ಲ.

2007ರಲ್ಲಿ ಅತ್ತೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿಯಿತು. ಅಡುಗೆಮನೆಯಲ್ಲಿ ಕಾಟು ಹಿಡಿಸದು. ಡಾಕ್ಟರು ಗಾಳಿ ಬೆಳಕು ಇರಲಿ ಎಂದಿದ್ದರು. ಆ ಸಂಜೆ ಯಾರೂ ಏನೂ ಮಾತಾಡಲಿಲ್ಲ. ನಮ್ಮವರೇ ಪೇಟೆಗೆ ಹೋಗಿ ಸರಪಳಿ, ಬೀಗ ತಂದರು, ತಮ್ಮ ಗಾಡಿಯನ್ನು ಹೊರಗೆ ಕಿಟಕಿಯ ಸರಳಿಗೆ ಕಟ್ಟಿದರು. ಅದಕ್ಕೆ ತಗುಲಿದ್ದು ಹತ್ತು ನಿಮಿಷ. ಬಾಗಿಲ ಪಕ್ಕದ ತಮ್ಮ ಹಳೆಯ ಗೋಡೆಗೆ ಹೊಂದಿ ಅತ್ತೆ ಆರು ತಿಂಗಳು ಮಲಗಿದರು. ಹೋಗಿಬರುವವರನ್ನೆಲ್ಲ ಹೆಸರು ಹಿಡಿದು ಕರೆಯುತ್ತಿದ್ದರು. ಒಮ್ಮೆ ನನ್ನನ್ನು ಕೂಡಿಸಿಕೊಂಡು, "ಇಲ್ಲಿ ಎಷ್ಟ ಛಂದ ಗಾಳಿ ಬರ್ತೈತಿ ನೋಡವ್ವಾ, ನಾ ಮರತೇ ಬಿಟ್ಟಿದ್ನಿ" ಎಂದರು.

ಅವರು ಹೋಗಿ, ದಿನಗಳೆಲ್ಲ ಮುಗಿದು, ನೆಂಟರು ಊರು ಸೇರಿದರು. ಕಾಟು ಬಿಚ್ಚಿ ಅಟ್ಟಕ್ಕೆ ಹಾಕಿದೆವು. ಮರುರಾತ್ರಿ ಊಟವಾದ ಮೇಲೆ ನಮ್ಮವರು ಹೊರಗೆ ಹೋದರು, ಬೀಗ ತೆಗೆದ ಸಪ್ಪಳವಾಯಿತು. ಹಲಗೆ ಬಿತ್ತು. "ಜರಾ ದಬ್ಬ" ಎಂದರು. ಕೈ ಒರೆಸಿಕೊಂಡು ಹೋಗಿ ನಾನು ದಬ್ಬಿದೆ.