ಸಿರಿವಂತ ನಾಡಿನ ಬೆಳೆಯದ ಮಕ್ಕಳು

ತಲಾ ಆದಾಯದಲ್ಲಿ ಕರ್ನಾಟಕ ಮುಂಚೂಣಿಯಲ್ಲಿದೆಯೆಂದು ನಾವು ಬೀಗುತ್ತೇವೆ. ಆದರೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ರಾಜ್ಯದಲ್ಲಿ ಐದು ವರ್ಷದೊಳಗಿನ ಶೇ. 35.4 ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ನೆರೆಯ ಕೇರಳದಲ್ಲಿ ಈ ಪ್ರಮಾಣ ಶೇ. 23.4. ಏಕೆ ಹೀಗೆ?

ಸರಾಸರಿಯು ಬೆಂಗಳೂರಿನ ಗಳಿಕೆಯನ್ನು ಕುಕನೂರಿನ ಕೂಲಿಕಾರನ ಲೆಕ್ಕಕ್ಕೂ ಬರೆಯುತ್ತದೆ; ಆತನ ತಟ್ಟೆಗೆ ಬಡಿಸುವುದಿಲ್ಲ. ಕುಕನೂರು ಸೇರಿದ್ದ ಯಲಬುರ್ಗಾ ತಾಲೂಕನ್ನು ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವುಗಳ ಸಾಲಿನಲ್ಲಿಟ್ಟಿತು. 2013ರಲ್ಲಿ 371(ಜೆ) ಜಾರಿಯಾಯಿತು. ಬಳಿಕ ಕುಕನೂರೇ ತಾಲೂಕಾಯಿತು. ಕಚೇರಿಯ ಬೋರ್ಡು ಬದಲಾದರೆ ಸಾಕೇ? ಎಳೆಯ ವಯಸ್ಸಿನಲ್ಲೇ ಮದುವೆಯಾಗಿ ರಕ್ತಹೀನತೆಯಿಂದ ಬಳಲುವ ತಾಯಿಯ ಮಗು ಹುಟ್ಟುವಾಗಲೇ ಸೊರಗಿರುವ ಅಪಾಯ ಹೆಚ್ಚು. ಕೇರಳವು ಬಡತನದ ದಿನಗಳಲ್ಲೇ ಹೆಣ್ಣುಮಕ್ಕಳ ಓದಿಗೂ ಸರಕಾರಿ ಆಸ್ಪತ್ರೆಗೂ ಹಣ ತೆಗೆದಿಟ್ಟಿತು. ನಾಡಿನ ಸಂಪತ್ತನ್ನು ನಾವು ಅಳೆಯಬೇಕಾದದ್ದು ಆ ತಾಯಿಯ ತಟ್ಟೆಯಲ್ಲಿ.